ಕುರ್ಚಿಯ ಬಲಬದಿಯ ಹುಲ್ಲು

ಮೇಜಿನ ಅಂಚಿನಲ್ಲಿ ಯಾರೋ ಇಟ್ಟ ಲೋಟ, ಅರ್ಧ ಒಳಗೆ ಅರ್ಧ ಹೊರಗೆ, ಒಂದು ಮೊಣಕೈ ತಾಗಿದರೆ ಸಾಕು ಬೀಳುತ್ತದೆ, ಅದನ್ನು ಒಳಕ್ಕೆ ಸರಿಸಲು ಅವನ ಕೈ ತಾನಾಗಿ ಎದ್ದಿತು, ಅರ್ಧ ದಾರಿಯಲ್ಲಿ ನಿಂತಿತು, ಪೆಚ್ಚಾಗಿ ತೊಡೆಯ ಮೇಲೆ ವಾಪಸು ಬಂದು ಕೂತಿತು — ಬೇಡ, ಇರಲಿ, ಬಿದ್ದರೆ ಬೀಳಲಿ, ಒಂಬತ್ತು ದಿನದಿಂದ ಅವನು ಯಾರ ಸಾಮಾನನ್ನೂ ಮುಟ್ಟಿಲ್ಲ, ಮುಟ್ಟುವುದಿಲ್ಲ, ಮತ್ತು ಅಕ್ಕ ಹೇಳುತ್ತಲೇ ಇದ್ದಾಳೆ, ಒಂಬತ್ತು ದಿನಗಳಲ್ಲಿ ಇದು ಎಷ್ಟನೆಯ ಸಲವೋ, ಈ ಸಲ ಪಕ್ಕದ ಮನೆಯ ಟೀಚರಿಗೆ, ಕೆರೆ ದಡದಲ್ಲಿ ಗಾಳ ಹಾಕ್ಕೊಂಡು ಕೂತಿದ್ರಂತೆ ಇಬ್ರೂ, ನಮ್ಮನೆಯವರಿಗೆ ಇದ್ದಕ್ಕಿದ್ದ ಹಾಗೆ ಎದೆ ಹಿಡ್ಕೊಳ್ತಂತೆ, ಮಾತೇ ಹೊರಡ್ತಿಲ್ಲ, ಬೇರೆ ಯಾರಾದ್ರೂ ಆಗಿದ್ರೆ ಅಯ್ಯೋ ಅಮ್ಮಾ ಅಂತ ಬಾಯಿ ಬಡ್ಕೊಂಡು ಮಾತ್ರೆ ಎಲ್ಲಿ ಮಾತ್ರೆ ಎಲ್ಲಿ ಅಂತ ಹುಡುಕ್ತಾ ಇರ್ತಿದ್ರು, ನನ್ನ ತಮ್ಮ ನೋಡಿ ಟೀಚರೇ, ಎದ್ದ, ಪೆಟ್ಟಿಗೆ ತೆಗ್ದ, ನಾಲಿಗೆ ಕೆಳಗೆ ಮಾತ್ರೆ ಇಟ್ಟ, ಫೋನ್ ಮಾಡ್ದ, ಎಲ್ಲಾ ಅಳತೆ ಹಿಡಿದು ಮಾಡಿದ ಹಾಗೆ. ಟೀಚರು ಅವನ ಕಡೆ ತಿರುಗಿ ಕನ್ನಡಕದ ಮೇಲಿನಿಂದ ನೋಡುತ್ತಾರೆ, ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವನನ್ನು ನೋಡುವ ಹಾಗೆ, ಶಿಸ್ತು ಅಂದ್ರೆ ಇದಪ್ಪಾ, ಮನುಷ್ಯನ ಜೀವ ಉಳಿಸುತ್ತೆ ನೋಡಿ, ಅನ್ನುತ್ತಾರೆ, ಅವನು ಚಪ್ಪಲಿ ಬಿಟ್ಟ ಕಾಲ ಬೆರಳುಗಳನ್ನು ನೋಡಿಕೊಳ್ಳುತ್ತಾನೆ. ಅದನ್ನು ಅಕ್ಕ ನಾಚಿಕೆ ಅಂದುಕೊಳ್ಳುತ್ತಾಳೆ, ನೋಡಿ ನೋಡಿ, ಹೊಗಳಿದರೆ ಇವನು ಚಿಕ್ಕಂದಿನಿಂದ ಹೀಗೇ. ಹೌದು ಅಕ್ಕಾ, ನಾಚಿಕೆಯೇ, ಆದರೆ ನೀನು ಹೇಳುವ ನಾಚಿಕೆಯಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಭಾವ ಒಳಕೋಣೆಯಲ್ಲಿ ಕೆಮ್ಮಿದ ಸದ್ದು. ಇನ್ನೂ ಐದು ನಿಮಿಷ ತಡವಾಗಿದ್ದರೆ, ಎಂದಿದ್ದರು ಆಸ್ಪತ್ರೆಯ ಡಾಕ್ಟರು, ವಾಕ್ಯವನ್ನು ಮುಗಿಸಿರಲಿಲ್ಲ, ಐದು ನಿಮಿಷ, ಅವನಿಗೆ ಐದು ನಿಮಿಷ ಎಂದರೆ ಎಷ್ಟು ಎಂದು ಗೊತ್ತು, ಒಂದು ನಿಮಿಷ ಎಂದರೆ ಎಷ್ಟು ಎಂದೂ ಗೊತ್ತು, ಹುಲ್ಲಿನ ಮೇಲೆ ಒಂದು ಕೈ —

ಬೇಡ. ದಡಕ್ಕೆ ಅವನು ಏನೇನು ಒಯ್ಯುತ್ತಾನೆ ಎಂದು ಟೀಚರು ಕೇಳುತ್ತಿದ್ದಾರೆ, ಅಷ್ಟೊಂದು ಸಾಮಾನು ಬೇಕಾ ಒಂದು ಮೀನು ಹಿಡಿಯೋಕೆ, ಅಕ್ಕನೇ ಉತ್ತರ ಕೊಡುತ್ತಾಳೆ, ಅಯ್ಯೋ ಕೇಳ್ಬೇಡಿ, ಹಿಡಿದ ಮೀನನ್ನ ಮನೆಗೂ ತರಲ್ಲ, ಮುತ್ತಿಟ್ಟು ವಾಪಸು ನೀರಿಗೇ ಬಿಡ್ತಾರೆ, ಅದಕ್ಕೆ ಎರಡು ಗಾಡಿ ಸಾಮಾನು. ಮುತ್ತಿಡುವುದು ಭಾವ, ಅವನಲ್ಲ. ಆದರೆ ಸಾಮಾನು, ಹೌದು, ಅವನದೇ, ಮತ್ತು ಒಂದೂ ಹೆಚ್ಚಿನದಲ್ಲ: ಗೆಂಡೆ ಮೀನು ಹೇಳಿ ಬರುವುದಿಲ್ಲ, ನಾಲ್ಕು ಗಂಟೆ ಕಲ್ಲಿನ ಹಾಗೆ ಕೂತಿರಬೇಕು, ಆಮೇಲೆ ಅರ್ಧ ನಿಮಿಷದಲ್ಲಿ ಎಲ್ಲವೂ ಕೈಗೆ ಸಿಗಬೇಕು, ಆದ್ದರಿಂದ ದಡಕ್ಕೆ ಬಂದ ಕೂಡಲೇ ಗಾಳ ಹಾಕುವವನು ದಡ್ಡ, ಮೊದಲು ಜಾಗ ನೋಡಬೇಕು, ಮೀನನ್ನು ಮಲಗಿಸುವ ಮೆತ್ತನೆ ಹಾಸು ಕುರ್ಚಿಯ ಹಿಂದೆ, ಅದರ ಮೇಲೆ ಮೊದಲೇ ನೀರು ಚಿಮುಕಿಸಿರಬೇಕು, ಹಾಸು ಒಣಗಿದ್ದರೆ ಮೀನಿನ ಮೈಯ ಲೋಳೆ ಅದಕ್ಕೆ ಅಂಟಿ ಬರುತ್ತದೆ, ಪಕ್ಕದಲ್ಲಿ ಒಂದು ಬಕೆಟ್ ನೀರು, ಕೈಬಲೆ ಎಡಗಡೆ, ಬಾಯಿ ನೀರಿನ ಕಡೆಗೆ, ಜೋಳದ ಕಾಳಿನ ಡಬ್ಬಿ, ಹಿಟ್ಟಿನುಂಡೆಯ ಡಬ್ಬಿ, ಎರಡಕ್ಕೂ ಮುಚ್ಚಳ, ಗಾಳಗಳು ಅಳತೆ ಪ್ರಕಾರ ಖಾನೆ ಖಾನೆಗಳಲ್ಲಿ, ಕತ್ತರಿ ಕುರ್ಚಿಯ ಎಡತೋಳಿಗೆ ಕಟ್ಟಿದ ಚೀಲದಲ್ಲಿ, ಗಾಯಕ್ಕೆ ಮದ್ದು, ಬ್ಯಾಂಡೇಜು, ಮಾತ್ರೆ ಎಲ್ಲ ಬಿಳಿ ಪೆಟ್ಟಿಗೆಯಲ್ಲಿ, ಎರಡು ಕ್ಲಿಪ್ಪಿನ ಪೆಟ್ಟಿಗೆ, ಒದ್ದೆಯಾಗದ ಎತ್ತರದಲ್ಲಿ, ಅವನ ಕುರ್ಚಿಯ ಎಡಬದಿಯಲ್ಲಿ, ಮತ್ತು ಮುಖ್ಯ ನಿಯಮ, ಕುರ್ಚಿಗೂ ನೀರಿಗೂ ನಡುವೆ ಎರಡು ಹೆಜ್ಜೆ ಜಾಗ ಖಾಲಿ, ಅಲ್ಲಿ ಒಂದು ಸೂಜಿಯೂ ಇರಬಾರದು. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ. ಇಪ್ಪತ್ತೆರಡು ವರ್ಷದಿಂದ ಬಸ್ ಡಿಪೋದ ಟೂಲ್ ರೂಮ್ ಅವನ ಕೈಯಲ್ಲಿದೆ, ಅಲ್ಲಿನ ಗೋಡೆಯ ಹಲಗೆಯ ಮೇಲೆ ಪ್ರತಿ ಪಾನಾದ, ಪ್ರತಿ ಸುತ್ತಿಗೆಯ ಆಕಾರವನ್ನು ಕೆಂಪು ಬಣ್ಣದಲ್ಲಿ ಅವನೇ ಬರೆದಿದ್ದಾನೆ, ಸಂಜೆ ಬೀಗ ಹಾಕುವ ಮೊದಲು ಕಣ್ಣಾಡಿಸಿದರೆ ಸಾಕು, ಖಾಲಿ ಕೆಂಪು ಆಕಾರ ಕಂಡಲ್ಲಿ ಸಾಮಾನು ಬಂದಿಲ್ಲ, ಯಾರಪ್ಪಾ ಹದಿನಾಲ್ಕನೇ ನಂಬರ್ ಪಾನಾ ಜೇಬಲ್ಲಿ ಹಾಕ್ಕೊಂಡು ಹೊರಟೋನು, ಎಂದು ಗೇಟಿನವರೆಗೆ ಕೂಗು. ಮೆಕ್ಯಾನಿಕ್ಕುಗಳು ಅವನಿಗೆ ಇಟ್ಟ ಹೆಸರು ಅಳತೆಪಟ್ಟಿ. ಅದು ಬೈಗುಳ ಎಂದು ಅವರಿಗೆ ಗೊತ್ತಿತ್ತು, ಅವನು ಬಿರುದು ಅಂದುಕೊಂಡಿದ್ದ, ಎಂಥ ಮೂರ್ಖ, ಇಷ್ಟು ವರ್ಷ ಎದೆಯುಬ್ಬಿಸಿಕೊಂಡು ಓಡಾಡಿದನಲ್ಲ.

ಮತ್ತು ಭಾವ, ಅಕ್ಕನ ಗಂಡ, ದರ್ಜಿ, ನಲವತ್ತು ವರ್ಷದ ಅಂಗಡಿಯಲ್ಲಿ ಒಂದು ದಿನವೂ ನೆಲ ಕಾಣಿಸಿದ್ದಿಲ್ಲ, ಬಟ್ಟೆಯ ಚೂರು, ದಾರ, ಅರ್ಧ ತೋಳಿನ ಅಂಗಿ, ಯಾರದೋ ಮದುವೆಯ ಪ್ಯಾಂಟಿನ ಒಂದೇ ಕಾಲು, ಆ ರಾಶಿಯ ನಡುವೆ ಭಾವ, ಕೊರಳಲ್ಲಿ ಟೇಪು, ಮಾತಾಡುತ್ತ ಮಾತಾಡುತ್ತ ಗಿರಾಕಿಯ ಮುಖದಿಂದ ಕಣ್ಣು ತೆಗೆಯದೆ ಬಲಗೈ ಚಾಚಿದರೆ ಸೀಮೆಸುಣ್ಣ, ಇನ್ನೊಮ್ಮೆ ಚಾಚಿದರೆ ಗುಂಡಿ, ತಪ್ಪಿದ್ದನ್ನು ಅವನು ನೋಡಿಲ್ಲ, ನೋಡಬೇಕೆಂದು ಕಾದು ಕೂತಿದ್ದೂ ಉಂಟು. ನನ್ನ ಸಾಮಾನು ನನ್ನ ಕೈಗೆ ಗೊತ್ತು ಕಣೋ, ಕಣ್ಣಿಗೆ ಯಾಕೆ ಗೊತ್ತಿರ್ಬೇಕು, ಅಂತ ಭಾವನ ಮಾತು. ದಡದಲ್ಲೂ ಅದೇ ಅಂಗಡಿ. ಹಿಟ್ಟಿನ ಮುದ್ದೆ ಜಾಕೆಟ್ಟಿನ ಮೇಲೆ, ಜಾಕೆಟ್ಟು ಬಲೆಯ ಮೇಲೆ, ಬಲೆ ಬ್ರೆಡ್ಡಿನ ಮೇಲೆ, ಮತ್ತು ಕುರ್ಚಿಯ ಬಲಕ್ಕೆ, ಕೈ ಇಳಿಬಿಟ್ಟರೆ ಸಿಗುವಲ್ಲಿ, ಹುಲ್ಲಿನ ಮೇಲೆ, ಹಳೆಯ ಗುಂಡಿ ಡಬ್ಬಿ, ದುಂಡನೆಯ ತಗಡಿನ ಡಬ್ಬಿ, ಅದರೊಳಗೆ ಗಾಳ, ಸೀಸದ ಗುಂಡು, ಎರಡು ಷರ್ಟಿನ ಗುಂಡಿ, ಪೆಪ್ಪರ್‌ಮಿಂಟು, ಮತ್ತು ಹೋದ ವರ್ಷ ಡಾಕ್ಟರಿಗೆ ಎದೆ ತೋರಿಸಿಕೊಂಡು ಬಂದಮೇಲೆ ನಾಲಿಗೆ ಕೆಳಗಿಡುವ ಮಾತ್ರೆಯ ಆ ಪುಟ್ಟ ಗಾಜಿನ ಸೀಸೆ. ಇಷ್ಟಾಗಿ ಮೀನು ಯಾರಿಗೆ ಬೀಳಬೇಕು? ಭಾವನಿಗೆ. ಅವನು ನಿಯಮ ಪ್ರಕಾರ ಕೂತಿರುವಾಗ, ಆಚೆ ಭಾವ ಹಾಡು ಗುನುಗುತ್ತ, ಪೆಪ್ಪರ್‌ಮಿಂಟು ಚೀಪುತ್ತ, ಎಳೆಯುತ್ತಾನೆ ಒಂದರ ಹಿಂದೆ ಒಂದು, ಬಾರಮ್ಮಾ ಬಾ, ಅಂತ ಮೀನಿಗೆ ಮಾತು ಬೇರೆ, ಹಾಸು ಎಲ್ಲಿದೆಯೋ, ಲೇ, ನಿನ್ನ ಹಾಸು ಕೊಡೋ, ನನ್ನದು ಎಲ್ಲೋ ಹೋಯ್ತು. ಪ್ರತಿ ಸಲ ಅವನದೇ ಹಾಸು. ಅವನ ನೀರು ಚಿಮುಕಿಸಿದ ಹಾಸಿನ ಮೇಲೆ ಭಾವನ ಮೀನು, ಅಂಗೈ ಅಗಲದ ಚಿನ್ನದ ಬಣ್ಣದ ಹೊರಮೈ, ಬಾಯಿ ತೆರೆದು ಮುಚ್ಚಿ. ಹೊಟ್ಟೆಕಿಚ್ಚು ಎಂದು ಅದಕ್ಕೆ ಹೆಸರಿದೆ, ಐವತ್ತಮೂರು ವರ್ಷದ ಗಂಡಸಿಗೆ, ಅಕ್ಕನ ಗಂಡನ ಮೇಲೆ, ಒಂದು ಮೀನಿಗಾಗಿ, ಥೂ.

ಆ ದಿನ ಬೆಳಿಗ್ಗೆ ಅವನಿಗೆ ಬಿದ್ದಿತ್ತು. ಟೀಚರಿಗೆ ಅಕ್ಕ ಇದನ್ನು ಹೇಳುವುದಿಲ್ಲ, ಅವಳಿಗೆ ಗೊತ್ತಿಲ್ಲ, ಭಾವ ಹೇಳಿಲ್ಲ, ಯಾಕೆ ಹೇಳಿಲ್ಲ? ಬಿಸಿಲು ಇನ್ನೂ ಆಚೆ ದಡದ ಮರಗಳ ತುದಿಯಲ್ಲಿತ್ತು, ರೀಲು ಕಿರ್ರೆಂದು ಕಿರುಚಿತು, ಕೋಲು ಬಿಲ್ಲಾಯಿತು, ಆ ಭಾರ, ಆ ನಿಧಾನ, ನೀರಿನಡಿ ಯಾರೋ ಬಾಗಿಲು ಎಳೆಯುತ್ತಿರುವ ಹಾಗೆ, ದೊಡ್ಡದು, ಅವನ ಜನ್ಮದಲ್ಲೇ ದೊಡ್ಡದು, ಭಾವ ಎದ್ದು ನಿಂತು, ಸಡಿಲ ಬಿಡು, ಸಡಿಲ ಬಿಡು, ರಾಜಾ, ಅವಸರ ಮಾಡ್ಬೇಡ, ಅನ್ನುತ್ತಿದ್ದಾನೆ, ಹದಿನೈದು ನಿಮಿಷ, ತೋಳು ನಡುಗುತ್ತಿದೆ, ಒಮ್ಮೆ ಮೇಲೆ ಬಂತು, ಬೆನ್ನು, ಒಂದು ಚಿನ್ನದ ಹಲಗೆಯಷ್ಟು ಬೆನ್ನು, ಮತ್ತೆ ಬಲಕ್ಕೆ ತಿರುಗಿ ಓಡಿತು, ಅವನೂ ದಡದುದ್ದಕ್ಕೂ ಬಲಕ್ಕೆ, ಕಣ್ಣು ನೀರಿನ ಮೇಲೆ, ತನ್ನ ಖಾಲಿ ಎರಡು ಹೆಜ್ಜೆ ದಾಟಿ ಭಾವನ ಸೀಮೆಗೆ ಕಾಲಿಟ್ಟ, ಮತ್ತು ಕಾಲು ಬಕೆಟ್ಟಿನೊಳಗೆ ಹೋಯಿತು. ನೆನೆದ ಜೋಳದ ಬಕೆಟ್ಟು, ಮೊಣಕಾಲವರೆಗೆ. ಬಿದ್ದ, ದಾರ ಸಡಿಲವಾಯಿತು, ಅಷ್ಟೆ, ಬರಿಯ ಗಾಳ ಗಾಳಿಯಲ್ಲಿ ತೂಗಾಡುತ್ತ ವಾಪಸು ಬಂತು. ನೀರಿನ ಮೇಲೆ ಒಂದು ಸುರುಳಿ ಅಗಲವಾಗುತ್ತ ಹೋಯಿತು. ಮತ್ತು ಭಾವ ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು, ಬಕೆಟ್ ಹಾಕ್ಕೊಂಡು ಹೊರಟ್ಯಲ್ಲೋ ಮಾರಾಯ, ಇನ್ನೊಂದು ಕಾಲಿಗೂ ತರ್ಲಾ, ಒಂದೇ ಚೆನ್ನಾಗಿರಲ್ಲ. ಬೇರೆ ದಿನವಾದರೆ ಅವನೂ ನಗುತ್ತಿದ್ದನೇನೋ. ಭಾವ ಕೈಹಿಡಿದು ಎತ್ತಿದ, ಪ್ಯಾಂಟಿಗಂಟಿದ ಜೋಳ ಕೊಡವಿದ, ತಪ್ಪು ನಂದೇ ಕಣೋ, ಆ ಬಕೆಟ್ ಅಲ್ಲಿಡಬಾರದಿತ್ತು, ಎಂದೂ ಅಂದ, ಅಂದ, ಅದನ್ನೂ ಸೇರಿಸಿಕೊಳ್ಳಬೇಕು, ಲೆಕ್ಕ ತಪ್ಪಬಾರದು, ಕ್ಷಮೆ ಕೇಳಿದ್ದ. ಅವನಿಗೆ ಮಾತ್ರ ನಗು ಒಂದೇ ಕೇಳಿಸಿತ್ತು.

ಕುಡಿಯುವ ನೀರು ತರ್ತೀನಿ ಎಂದು ಭಾವ ಕ್ಯಾನು ಹಿಡಿದು ದಿಬ್ಬದ ಮೇಲಿನ ನಲ್ಲಿಯ ಕಡೆ ಹೋದ, ಏದುಸಿರು ಬಿಡುತ್ತ, ಅವನಿಗೆ ಆ ಏದುಸಿರೂ ಕೇಳಿತ್ತು, ಆದರೆ ಕಿವಿಯಲ್ಲಿ ನಗು ತುಂಬಿಕೊಂಡಿತ್ತಲ್ಲ. ಆಗ ಶುರು ಮಾಡಿದ. ಸಹಾಯ ಎಂದುಕೊಂಡೇ, ಇಲ್ಲ, ಅದೂ ಸುಳ್ಳು, ಪಾಠ ಕಲಿಸುತ್ತೇನೆ ಎಂದುಕೊಂಡೇ ಶುರು ಮಾಡಿದ, ಜಾಕೆಟ್ಟು ಮಡಚಿ ಚೀಲಕ್ಕೆ, ಬಲೆ ಕೊಡವಿ ಎಡಕ್ಕೆ, ಬಕೆಟ್ಟು ಹಿಂದೆ, ಬ್ರೆಡ್ಡಿನ ಕಾಗದ ಕಸದ ಚೀಲಕ್ಕೆ, ಕೈ ಚುರುಕಾಗಿ ಓಡುತ್ತಿತ್ತು, ಡಿಪೋದಲ್ಲಿ ಶನಿವಾರ ಸಂಜೆ ಓಡುವ ಹಾಗೆ, ಹಲ್ಲು ಕಚ್ಚಿಕೊಂಡಿದ್ದರೂ ಒಳಗೊಳಗೇ ಒಂದು ಖುಷಿ, ಕೊನೆಗೆ ಗುಂಡಿ ಡಬ್ಬಿ. ಬೆಲ್ಲದಚ್ಚಿನ ಹಾಗೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡ ಡಬ್ಬಿ. ಗಾಳಗಳನ್ನು ತನ್ನ ಖಾನೆಗೆ ಅಳತೆ ಪ್ರಕಾರ ಸೇರಿಸಿದ, ಸೀಸದ ಗುಂಡು ಗುಂಡಿನ ಜೊತೆ, ಪೆಪ್ಪರ್‌ಮಿಂಟು ತಿಂಡಿಯ ಜೊತೆ, ಖಾಲಿ ಡಬ್ಬಿಯನ್ನು ಭಾವನ ಚೀಲದ ತಳಕ್ಕೆ, ಮತ್ತು ಸೀಸೆ. ಸೀಸೆ ಅಂಗೈಯಲ್ಲಿತ್ತು. ಅದು ಏನೆಂದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಚೀಟಿ ಓದಿದ. ಔಷಧಿ ಬಿಳಿ ಪೆಟ್ಟಿಗೆಯಲ್ಲಿರಬೇಕು, ಅದೇ ಅದರ ಜಾಗ, ಯಾರನ್ನಾದರೂ ಕೇಳಿ, ಅದೇ ಸರಿ ಅನ್ನುತ್ತಾರೆ, ಟೀಚರೂ ಅನ್ನುತ್ತಾರೆ, ಎರಡು ಕ್ಲಿಪ್ಪು ತೆಗೆದ, ಇಟ್ಟ, ಎರಡು ಕ್ಲಿಪ್ಪು ಹಾಕಿದ. ಹಾಕುವಾಗ ಮನಸ್ಸಿನಲ್ಲಿ ಒಂದು ಮಾತು ಬಂತು, ಒಂದೇ ಒಂದು ಮಾತು: ಬೇಕಾದರೆ ಕೇಳಲಿ. ಅಷ್ಟೆ. ಬೇಕಾದರೆ ನನ್ನನ್ನು ಕೇಳಲಿ. ಭಾವ ವಾಪಸು ಬಂದವನು ಕ್ಯಾನು ಹಿಡಿದುಕೊಂಡೇ ನಿಂತ, ಅಯ್ಯಯ್ಯೋ, ಇದು ಯಾರ ಮನೆಯಪ್ಪಾ, ದಾರಿ ತಪ್ಪಿ ಬಂದ್ನಾ, ಅಂದ, ಆಮೇಲೆ ಇವನ ಮುಖ ನೋಡಿದ, ಚೆನ್ನಾಗಿದೆ ಬಿಡು, ನಿಮ್ಮಕ್ಕ ನೋಡಿದ್ರೆ ಗೃಹಪ್ರವೇಶ ಮಾಡಿಸ್ತಾಳೆ, ಎಂದು ಮೆಲ್ಲಗೆ ಹೇಳಿ ಕೂತ, ಟೋಪಿ ಹಣೆಗೆ ಎಳೆದುಕೊಂಡ. ಇವನು ಭಾವನಿಗೆ ಅರ್ಧ ಬೆನ್ನು ಮಾಡಿದ. ಬಾಗಿಹೋದ ಗಾಳದ ಜಾಗಕ್ಕೆ ಹೊಸ ಗಾಳ ಕಟ್ಟುತ್ತ ಕೂತ.

ಲೇ, ಒಳಗೆ ಕರೀತಿದಾರೆ ನೋಡು, ಅಕ್ಕ ಅವನ ಭುಜ ತಟ್ಟುತ್ತಾಳೆ, ನಿನ್ನ ದನಿ ಕೇಳಿ ಎಚ್ಚರ ಆಯ್ತೇನೋ. ಅವನು ದನಿಯೇ ಎತ್ತಿಲ್ಲವಲ್ಲ. ಏಳುತ್ತಾನೆ, ಟೀಚರು ಹೋಗಿ ಹೋಗಿ ಅನ್ನುತ್ತಾರೆ, ನಡುಮನೆಯಿಂದ ಆ ಬಾಗಿಲಿಗೆ ಹನ್ನೊಂದು ಹೆಜ್ಜೆ, ಒಂಬತ್ತು ದಿನದಲ್ಲಿ ಆಸ್ಪತ್ರೆಗೆ ಆರು ಸಲ ಹೋಗಿದ್ದಾನೆ, ಆರು ಸಲವೂ ಯಾರಾದರೂ ಜೊತೆಗಿರುವ ಹೊತ್ತು ನೋಡಿಕೊಂಡು, ಇಬ್ಬರೇ ಆಗುವುದನ್ನು ಹಾವು ಕಂಡವನ ಹಾಗೆ ತಪ್ಪಿಸಿಕೊಂಡು, ಇವತ್ತು ಹೇಳಿಬಿಡಬೇಕು, ಎರಡೇ ವಾಕ್ಯ, ಮೊದಲನೆಯದು ಸುಲಭ, ಸೀಸೆ ನಾನೇ ತೆಗೆದಿಟ್ಟೆ, ಎರಡನೆಯದು —

ಎರಡನೆಯದು ಹೀಗೆ. ಗಾಳ ಕಟ್ಟುತ್ತಿದ್ದ. ದಾರ ಗಾಳದ ಕಣ್ಣಿನೊಳಗೆ ತೂರಿಸಿ, ಸುತ್ತು ಒಂದು, ಎರಡು, ಮೂರು. ಕಣ್ಣಿನ ಅಂಚಿಗೆ ಬಲಕ್ಕೆ ಏನೋ ಅಲುಗಿತು. ಭಾವನ ಬಲಗೈ. ಕುರ್ಚಿಯ ತೋಳಿನಿಂದ ಇಳಿದು ಹುಲ್ಲು ತಟ್ಟಿತು. ಡಬ್ಬಿ ಇದ್ದಲ್ಲಿ. ಇರಬೇಕಾದಲ್ಲಿ. ಇನ್ನೊಮ್ಮೆ ತಟ್ಟಿತು. ಅವನು ನೋಡಿದ, ನೋಡಿ ತಲೆ ತಗ್ಗಿಸಿದ, ಪೆಪ್ಪರ್‌ಮಿಂಟು ಬೇಕಾಗಿರಬೇಕು, ಹುಡುಕಲಿ, ಕೈಗೆ ಎಲ್ಲ ಗೊತ್ತಲ್ಲ, ಹುಡುಕಲಿ. ನಾಲ್ಕನೆಯ ಸುತ್ತು. ತಟ್ಟುವ ಸದ್ದು ಹುಲ್ಲಿನ ಮೇಲೆ, ಒದ್ದೆ ಹುಲ್ಲು, ಮೆತ್ತಗೆ, ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಮತ್ತೆ ಮೊದಲಿನ ಜಾಗಕ್ಕೇ. ಐದನೆಯ ಸುತ್ತು. ಅವನಿಗೆ ನಗು ಬಂದಿತ್ತು, ತುಟಿಯವರೆಗೆ ಬಂದಿತ್ತು. ಗಂಟಿಗೆ ಎಂಜಲು ತಾಗಿಸಿ ಎಳೆದ, ಬಿಗಿಯಾಯಿತೇ ನೋಡಿದ, ಕತ್ತರಿ ತೆಗೆದು ಉಳಿದ ದಾರ ಕತ್ತರಿಸಿದ, ಮತ್ತು ಕತ್ತರಿಯನ್ನು ಎಡತೋಳಿನ ಚೀಲದಲ್ಲಿ, ಅದರ ಜಾಗದಲ್ಲಿ, ವಾಪಸು ಇಟ್ಟ. ಆಮೇಲೆ ತಿರುಗಿದ. ಟೋಪಿ ಬಿದ್ದಿತ್ತು, ಭಾವನ ಮುಖ ಬೂದಿಯ ಬಣ್ಣ, ಬಾಯಿ ತೆರೆದು ಮುಚ್ಚಿ ತೆರೆದು, ದನಿಯಿಲ್ಲ, ಕಣ್ಣು ನೇರ ಇವನ ಬೆನ್ನು ಇದ್ದ ಕಡೆಗೇ. ಅಲ್ಲಿಂದ ಮುಂದೆ ಅಕ್ಕ ಹೇಳುವ ಕಥೆ, ಅದರಲ್ಲಿ ಸುಳ್ಳಿಲ್ಲ, ಎದ್ದ, ಪೆಟ್ಟಿಗೆ ತೆಗೆದ, ಕ್ಲಿಪ್ಪು ಟಕ್ ಟಕ್, ನಾಲಿಗೆಯ ಕೆಳಗೆ, ಫೋನು, ಕಾಲರಿನ ಗುಂಡಿ ಬಿಚ್ಚಿ, ಬೆನ್ನಿಗೆ ಮಡಚಿದ ಜಾಕೆಟ್ಟು ಕೊಟ್ಟು, ಎಲ್ಲ ಅಳತೆ ಹಿಡಿದು ಮಾಡಿದ ಹಾಗೆ.

ಬಾರೋ, ಭಾವ ದಿಂಬಿಗೊರಗಿ ಕೂತಿದ್ದಾನೆ, ಗಡ್ಡ ಬೋಳಿಸಿದ ಕೆನ್ನೆ ಒಳಕ್ಕೆ ಹೋಗಿದೆ, ಹಾಸಿಗೆಯ ಮೇಲೆ ಆಗಲೇ ಪತ್ರಿಕೆ, ಕನ್ನಡಕ, ಟೇಪು, ಅರ್ಧ ಬಾಳೆಹಣ್ಣು, ಅಂಗಡಿ ತೆರೆದಾಗಿದೆ. ಕೂತ್ಕೋ. ನಿಮ್ಮಕ್ಕ ಇವತ್ತು ಎಷ್ಟು ಜನಕ್ಕೆ ಹೇಳಿದ್ಲು? ಟೀಚರು ನಾಲ್ಕನೆಯವರು ಅನ್ಸುತ್ತೆ. ಅವನು ಕೂರುವುದಿಲ್ಲ, ಕಿಟಕಿಯ ಸರಳು ಹಿಡಿದುಕೊಂಡು ಹೇಳುತ್ತಾನೆ, ಭಾವ, ಆ ಸೀಸೆ ಡಬ್ಬಿಯಿಂದ ತೆಗೆದಿಟ್ಟದ್ದು ನಾನೇ. ದನಿ ಬೇರೆ ಯಾರದೋ ಎನ್ನುವ ಹಾಗೆ ಕೇಳುತ್ತದೆ. ಭಾವ ಅವನನ್ನು ನೋಡುತ್ತಾನೆ, ಅಯ್ಯೋ, ಇದಕ್ಕಾ ಇಷ್ಟು ದಿನ ಮುಖ ಅಷ್ಟುದ್ದ ಮಾಡ್ಕೊಂಡು ಓಡಾಡಿದ್ದು? ನನಗೆ ಅವತ್ತೇ ಗೊತ್ತಾಯ್ತು, ಕ್ಲಿಪ್ಪಿನ ಸದ್ದು ಕೇಳಿಸ್ತಲ್ಲ, ನಿನ್ನ ಪೆಟ್ಟಿಗೆ ಸದ್ದು ಸತ್ತೋನಿಗೂ ಗೊತ್ತಾಗುತ್ತೆ. ನಿಮ್ಮಕ್ಕನಿಗೆ ಹೇಳಿಲ್ಲ, ನೀನೂ ಹೇಳ್ಬೇಡ, ಅವಳು ಸುಮ್ಮನೆ ಒಂದಕ್ಕೆ ಹತ್ತು ಮಾಡ್ತಾಳೆ. ನೀನೇನು ಕೇಡು ಬಯಸಿ ಇಟ್ಯಾ? ಒಳ್ಳೇದಾಗ್ಲಿ ಅಂತ ತಾನೇ ಇಟ್ಟಿದ್ದು? ಔಷಧಿ ಔಷಧಿ ಜಾಗದಲ್ಲಿ, ಸರಿಯಾಗೇ ಇದೆ. ಭಾವ ಮುಂದುವರಿಸುತ್ತಾನೆ, ಈಗ ದನಿ ತಗ್ಗಿಸಿ, ತಮಾಷೆಯಿಲ್ಲದೆ, ಒಂದೇ ಒಂದು ಭಯ ಆಗಿತ್ತು ಕಣೋ, ನೀನು ಆ ಕಡೆ ತಿರುಗಿ ಕೂತಿದ್ಯಲ್ಲ, ಕೂಗೋಣ ಅಂದ್ರೆ ಬಾಯೇ ಬರ್ತಿಲ್ಲ, ಇವನು ನೋಡೋದೇ ಇಲ್ವೇನೋ, ಹೀಗೇ ಇವನ ಬೆನ್ನು ನೋಡ್ತಾ ಹೋಗ್ಬಿಡ್ತೀನೇನೋ ಅಂತ. ಆದ್ರೆ ನೀನು ನೋಡಿದ ಕೂಡ್ಲೇ ಬಂದೆ. ಒಂದು ಕ್ಷಣ ನಿಲ್ಲಲಿಲ್ಲ. ನೋಡಿದ ಕೂಡ್ಲೇ ಬಂದ್ಯಲ್ಲ, ಅಷ್ಟು ಸಾಕು ನನಗೆ.

ಇಲ್ಲಿ ಹೇಳಬೇಕು. ಇದೇ ಜಾಗ, ಖಾಲಿ ಬಿಟ್ಟಿದ್ದಾನೆ ಭಾವ, ಎರಡು ಹೆಜ್ಜೆಯಷ್ಟು, ಬಾಯಿ ತೆರೆದರೆ ಸಾಕು, ಇಲ್ಲ ಭಾವ, ಮೊದಲೇ ನೋಡಿದ್ದೆ, ಮೂರನೆಯ ಸುತ್ತಿನಲ್ಲಿ ನೋಡಿದ್ದೆ, ಹೊರಗೆ ಟೀಚರು ಹೊರಡುವ ಸದ್ದು, ಅಕ್ಕ ಬಾಗಿಲವರೆಗೆ ಹೋಗುತ್ತ ಇನ್ನೂ ಹೇಳುತ್ತಿದ್ದಾಳೆ, ಭಾವ ಕಾಯುತ್ತಿಲ್ಲ, ಅವನಿಗೆ ಕಾಯುವಂಥದ್ದು ಏನೂ ಇಲ್ಲ, ತೃಪ್ತಿಯಿಂದ ಕಣ್ಣು ಮುಚ್ಚಿಕೊಂಡಿದ್ದಾನೆ, ಹೂಂ ಭಾವ, ಎಂದು ಯಾರೋ ಹೇಳಿದರು, ಈ ಕೋಣೆಯಲ್ಲಿ ಇನ್ನೊಬ್ಬರಿಲ್ಲ, ಅವನೇ, ಹೂಂ ಭಾವ, ಎಷ್ಟು ಚೊಕ್ಕವಾಗಿ ಹೇಳಿದ, ಒಂದು ಕ್ಷಣ ನಿಲ್ಲಲಿಲ್ಲ, ಮತ್ತು ಈಗ ಕಿಟಕಿಯ ಸರಳಿಲ್ಲ, ಹಾಸಿಗೆಯಿಲ್ಲ, ಅಕ್ಕನ ದನಿಯಿಲ್ಲ, ಒದ್ದೆ ಹುಲ್ಲು, ಅದರ ಮೇಲೆ ಒಂದು ದುಂಡನೆಯ ಗುರುತು, ಡಬ್ಬಿ ಕೂತು ಕೂತು ಹುಲ್ಲು ಬಾಗಿ ತಿಳಿಹಸಿರಾದ ಗುರುತು, ಅದರ ಮೇಲೆ ಕೈ, ಬಲಗೈ, ಅಂಗೈ ಕೆಳಗಾಗಿ, ತೋರುಬೆರಳಿಗೆ ಇನ್ನೂ ಅಂಟಿಕೊಂಡಿರುವ ನೀಲಿ ಸೀಮೆಸುಣ್ಣ, ತಟ್ಟುತ್ತದೆ, ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಮತ್ತೆ ಆ ಗುರುತಿನ ಮೇಲೇ, ತಟ್ಟುತ್ತದೆ